ಆಲ್ಫಾ ರೋಮಿಯೋ ‘ಬ್ಯಾಟ್’ ಕಾರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೇಜಿನ ಮೇಲೆ ಅಂಗೈ ಉದ್ದದ ಒಂದು ಆಟಿಕೆ ಕಾರು ಇದೆ. ತಿಳಿ ನೀಲಿ ಬೆರೆತ ಬೂದು ಬಣ್ಣ, ಹಿಂದೆ ಎರಡು ದೊಡ್ಡ ರೆಕ್ಕೆ. ಮನೆಗೆ ಬಂದವರು ಕಾಫಿ ಲೋಟ ಕೆಳಗಿಟ್ಟು ಮೊದಲು ಅದನ್ನೇ ಎತ್ತಿಕೊಳ್ಳುತ್ತಾರೆ. ‘ಇದೇನಿದು, ಮೀನಾ? ರಾಕೆಟ್ಟಾ?’ ಅಂತ ಕೇಳುತ್ತಾರೆ. ಇಟಲಿಯ ಆಲ್ಫಾ ರೋಮಿಯೋ ಕಂಪನಿಯ ‘ಬ್ಯಾಟ್’ ಅನ್ನುವ ಕಾರು, 1954ರದ್ದು, ಅಂದರೆ ಯಾರೂ ನಂಬುವುದಿಲ್ಲ. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಪ್ರತಿ ಸಲ ಮೊದಲಿಂದ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಬ್ಯಾಟ್ ಅಂದರೆ ಬಾವಲಿನಾ?

ಅಲ್ಲ. ನೋಡಿದರೆ ಬಾವಲಿ ಹಾಗೇ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಇಟಲಿಯವರಿಗೆ ಬಾವಲಿ ಅಂದರೆ ‘ಪಿಪಿಸ್ತ್ರೆಲ್ಲೊ’. ಬ್ಯಾಟ್ ಎನ್ನುವುದು ‘ಬೆರ್ಲಿನೆತ್ತಾ ಏರೊದಿನಾಮಿಕಾ ತೆಕ್ನಿಕಾ’ ಎಂಬ ಮೂರು ಪದಗಳ ಮೊದಲ ಅಕ್ಷರ, ಅಷ್ಟೆ. ಬೆರ್ಲಿನೆತ್ತಾ ಅಂದರೆ ಮೇಲೆ ಮುಚ್ಚಿದ, ಎರಡು ಬಾಗಿಲಿನ ಸಣ್ಣ ಸ್ಪೋರ್ಟ್ಸ್ ಕಾರು. ಉಳಿದೆರಡು ಪದ ನಿಮಗೇ ಗೊತ್ತಾಗುತ್ತವೆ. ಇಂಗ್ಲಿಷ್ ಗೊತ್ತಿದ್ದವರಿಗೆ ಬಾವಲಿ ನೆನಪಾಗಿದ್ದು ಕಾರಿನ ಅದೃಷ್ಟ ಅಂತಲೇ ಹೇಳಬೇಕು. ಹೆಸರು ಮರೆಯುವುದಿಲ್ಲ ನೋಡಿ.

ಒಟ್ಟು ಎಷ್ಟು ಕಾರು ಮಾಡಿದ್ದು?

ಮೂರೇ ಮೂರು. ಬ್ಯಾಟ್ 5, ಬ್ಯಾಟ್ 7, ಬ್ಯಾಟ್ 9. ಮೂರೂ ಟುರಿನ್ ಮೋಟಾರು ಪ್ರದರ್ಶನದಲ್ಲಿ ವರ್ಷಕ್ಕೊಂದರಂತೆ ಬಂದವು: 1953, 1954, 1955. ಪ್ರತಿಯೊಂದೂ ಒಂಟಿ. ಅಚ್ಚಿಲ್ಲ, ಜೋಡಿಯಿಲ್ಲ.

ಹಾಗಾದರೆ 1ರಿಂದ 4 ಎಲ್ಲಿ ಹೋದವು?

ಅವು ಕಾರಾಗಿ ಹೊರಗೆ ಬರಲೇ ಇಲ್ಲ. 6 ಮತ್ತು 8 ಕೂಡ ಇಲ್ಲ. ಹೆಸರಿನಲ್ಲಿ ಸಂಖ್ಯೆ ಇದೆ ಅಂತ ಗ್ಯಾರೇಜಿನಲ್ಲಿ ಒಂಬತ್ತು ಕಾರು ಸಾಲಾಗಿ ನಿಂತಿದ್ದವು ಅಂದುಕೊಳ್ಳಬೇಡಿ. ‘ಅಪರೂಪದ ಬ್ಯಾಟ್ 3’ ಅಂತ ಯಾರಾದರೂ ಫೋಟೊ ಹಾಕಿದರೆ ಸುಮ್ನೆ ಮುಂದೆ ಹೋಗಿ.

ಮಾಡಿದ್ದು ಆಲ್ಫಾ ರೋಮಿಯೋನಾ, ಬೆರ್ಟೋನೆನಾ?

ಎರಡೂ. ನಮ್ಮಲ್ಲಿ ಲಾರಿ ತೆಗೆದುಕೊಳ್ಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಪನಿಯಿಂದ ಬರೀ ಷಾಸಿ ಬರುತ್ತದೆ: ಎಂಜಿನ್, ಚಕ್ರ, ಸ್ಟೇರಿಂಗ್. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲಲ್ಲೇ ಅದನ್ನು ಬಾಡಿ ಕಟ್ಟುವವರ ಹತ್ತಿರ ಓಡಿಸಿಕೊಂಡು ಹೋಗುತ್ತಾನೆ. ಕ್ಯಾಬಿನ್, ಹಿಂದಿನ ತೊಟ್ಟಿ, ಬಣ್ಣ, ಹೂವಿನ ಚಿತ್ರ ಎಲ್ಲ ಅವರದು. ಇಟಲಿಯಲ್ಲಿ ಇದೇ ಕೆಲಸವನ್ನು ಕಾರಿಗೆ ಮಾಡುವವರಿದ್ದರು, ಅವರಿಗೆ ‘ಕರೊತ್ಸೆರಿಯಾ’ ಅಂತ ಹೆಸರು. ಟುರಿನ್ ಊರಿನಲ್ಲಿ ಅಂಥವರು ಬೀದಿಗೊಬ್ಬರಂತೆ ಇದ್ದರು ಅಂದರೆ ಸ್ವಲ್ಪವೇ ಜಾಸ್ತಿ ಹೇಳಿದ ಹಾಗೆ. ಬೆರ್ಟೋನೆ ಅವರಲ್ಲಿ ಒಬ್ಬರು. ಜೊವಾನ್ನಿ ಬೆರ್ಟೋನೆ 1912ರಲ್ಲಿ ಶುರುಮಾಡಿದ ಕಾರ್ಖಾನೆ ಅದು. ಐವತ್ತರ ದಶಕದ ಹೊತ್ತಿಗೆ ಮಗ ನುಚ್ಚೊ ನಡೆಸುತ್ತಿದ್ದರು.

ಆಲ್ಫಾ ಕೊಟ್ಟಿದ್ದು ತನ್ನ 1900 ಮಾದರಿಯ ಷಾಸಿ ಮತ್ತು ಎಂಜಿನ್. ಮೇಲಿನ ಬಾಡಿ ಬೆರ್ಟೋನೆಯದು. ಅದರ ಗೆರೆ ಎಳೆದವರು ಫ್ರಾಂಕೊ ಸ್ಕಾಲ್ಯೋನೆ. ಹೆಸರಿನಲ್ಲಿ ‘ಗ’ ಬರೆಯುತ್ತಾರೆ, ಆದರೆ ಉಚ್ಚರಿಸುವುದಿಲ್ಲ.

ಸ್ಕಾಲ್ಯೋನೆ ಯಾರು? ಹೆಸರೇ ಕೇಳಿಲ್ಲವಲ್ಲ.

ಕೇಳದೇ ಇರುವುದೇ ಬೇಜಾರಿನ ವಿಷಯ. 1916ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದವರು. ಓದಿದ್ದು ವಿಮಾನದ ಎಂಜಿನಿಯರಿಂಗ್. ಅಷ್ಟರಲ್ಲಿ ಯುದ್ಧ ಬಂತು, ಸೈನ್ಯಕ್ಕೆ ಹೋದರು, 1941ರ ಕೊನೆಗೆ ಉತ್ತರ ಆಫ್ರಿಕಾದ ತೊಬ್ರುಕ್ ಹತ್ತಿರ ಬ್ರಿಟಿಷರ ಕೈಗೆ ಸಿಕ್ಕಿಬಿದ್ದರು.

ಆಮೇಲೆ ಎಲ್ಲಿಗೆ ಕಳಿಸಿದರು ಗೊತ್ತಾ? ನಮ್ಮ ದೇಶಕ್ಕೆ. ಈಗಿನ ಹಿಮಾಚಲ ಪ್ರದೇಶದಲ್ಲಿ, ಧರ್ಮಶಾಲಾಕ್ಕೆ ಹತ್ತಿರ, ಕಾಂಗ್ರಾ ಕಣಿವೆಯಲ್ಲಿ ಯೋಲ್ ಅಂತ ಊರಿದೆ. ಅಲ್ಲಿನ ಯುದ್ಧಕೈದಿಗಳ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದು, 1946ರ ಕೊನೆಗೆ ಇಟಲಿ ಸೇರಿದರು. ಇಪ್ಪತ್ತೈದರ ಹುಡುಗ ಒಳಗೆ ಹೋಗಿ ಮೂವತ್ತಕ್ಕೆ ಹೊರಗೆ ಬಂದ ಲೆಕ್ಕ. ಎದುರಿಗೆ ಹಿಮ ಹೊದ್ದ ಧೌಲಾಧಾರ್ ಬೆಟ್ಟ, ಕೈಯಲ್ಲಿ ಮುಗಿಯದಷ್ಟು ಹೊತ್ತು. ಅಲ್ಲಿ ಕೂತು ಏನು ಯೋಚಿಸುತ್ತಿದ್ದರೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಊರಿಗೆ ಬಂದಮೇಲೆ ಹೊಟ್ಟೆಪಾಡಿಗೆ ಬಟ್ಟೆ ವಿನ್ಯಾಸದ ಚಿತ್ರ ಬರೆದರು. ಐವತ್ತರ ದಶಕದ ಶುರುವಿನಲ್ಲಿ ಟುರಿನ್‌ಗೆ ಬಂದು ಬೆರ್ಟೋನೆ ಜತೆ ಸೇರಿದರು. ವಿಮಾನದ ಓದು, ಬಟ್ಟೆಯ ಮಡಿಕೆ ಬಲ್ಲ ಕೈ. ಬ್ಯಾಟ್ 7ರ ಹಿಂಭಾಗ ನೋಡಿದರೆ ಎರಡೂ ಕಾಣುತ್ತವೆ ಅಂತ ನನ್ನ ಅಭಿಪ್ರಾಯ. ತಗಡು ಅಲ್ಲ, ಸೆರಗು ಗಾಳಿಗೆ ಹಾರಿ ಅಲ್ಲೇ ನಿಂತುಬಿಟ್ಟಿದೆ ಅನ್ನಿಸುತ್ತದೆ.

ಆ ರೆಕ್ಕೆಗಳು ಶೋಕಿಗೆ ತಾನೇ?

ಎಲ್ಲರೂ ಕೇಳುವುದು ಇದನ್ನೇ. ಎಲ್ಲರೂ ತಪ್ಪು ತಿಳಿದಿರುವುದೂ ಇದನ್ನೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅದೇ ಕಾಲದಲ್ಲಿ ಅಮೆರಿಕದ ಕಾರುಗಳಿಗೂ ಹಿಂದೆ ರೆಕ್ಕೆ ಬಂದವು. 1948ರ ಕ್ಯಾಡಿಲಾಕ್‌ನಲ್ಲಿ ಚಿಕ್ಕದಾಗಿ ಶುರುವಾಗಿ, 1959ರ ಹೊತ್ತಿಗೆ ಮೊಳದೆತ್ತರ ಆಗಿತ್ತು. ಅವು ಅಂದಕ್ಕೆ. ಯುದ್ಧವಿಮಾನ ನೋಡಿ ಆಸೆಪಟ್ಟು ಇಟ್ಟವು. ಅದರಲ್ಲಿ ತಪ್ಪೇನೂ ಇಲ್ಲ, ನನಗೂ ಇಷ್ಟ. ಆದರೆ ಅವು ನೆಟ್ಟಗೆ ನಿಂತಿರುತ್ತವೆ. ಬ್ಯಾಟ್‌ನ ರೆಕ್ಕೆ ನೆಟ್ಟಗೆ ನಿಲ್ಲುವುದಿಲ್ಲ. ಮಾದರಿಯನ್ನು ಟೇಬಲ್ ಲ್ಯಾಂಪಿನ ಕೆಳಗೆ ಹಿಂದಿನಿಂದ ನೋಡಿದರೆ ಗೊತ್ತಾಗುತ್ತದೆ: ಎರಡೂ ರೆಕ್ಕೆ ಮೇಲೆ ಹೋಗ್ತಾ ಹೋಗ್ತಾ ಒಳಕ್ಕೆ ಬಾಗುತ್ತವೆ, ನಮಸ್ಕಾರ ಮಾಡಲು ಹೊರಟ ಕೈಗಳು ಅರ್ಧಕ್ಕೆ ನಿಂತ ಹಾಗೆ. ನಡುವೆ ಹಿಂದಿನ ಗಾಜು, ಅದನ್ನು ಎರಡಾಗಿ ಸೀಳುವ ಒಂದು ತೆಳ್ಳನೆ ಏಣು. ಆ ಬಾಗೇ ಇಲ್ಲಿ ಕೆಲಸ ಮಾಡುವುದು.

ಏನು ಕೆಲಸ? ಗಾಳಿಯಲ್ಲಿ ಓಡುವ ವಸ್ತುವನ್ನು ತಡೆಯುವುದು ಎದುರಿನ ಗಾಳಿ ಮಾತ್ರ ಅಂದುಕೊಳ್ಳುತ್ತೇವೆ. ಅರ್ಧ ಸತ್ಯ. ಕಾರು ಗಾಳಿಯನ್ನು ಸೀಳಿಕೊಂಡು ಹೋದಮೇಲೆ ಆ ಗಾಳಿ ಹಿಂದೆ ಮತ್ತೆ ಕೂಡಿಕೊಳ್ಳಬೇಕು. ಕಾರಿನ ಹಿಂಭಾಗ ಥಟ್ಟನೆ ಮುಗಿದರೆ ಗಾಳಿಗೆ ಅಷ್ಟು ಬೇಗ ತಿರುಗಲು ಆಗುವುದಿಲ್ಲ. ಅದು ಮೈ ಬಿಟ್ಟು ಸುಳಿಸುಳಿಯಾಗುತ್ತದೆ, ಹಿಂದೆ ಒತ್ತಡ ಕಡಿಮೆಯಾಗುತ್ತದೆ, ಆ ಜಾಗ ಕಾರನ್ನು ಹಿಂದಕ್ಕೆ ಹೀರುತ್ತದೆ. ಮಣ್ಣುರಸ್ತೆಯಲ್ಲಿ ಬಸ್ಸು ಹೋದಾಗ ಧೂಳು ಬಸ್ಸಿನ ಹಿಂದಿನ ಗಾಜಿಗೇ ಮೆತ್ತಿಕೊಳ್ಳುತ್ತದಲ್ಲ, ಅದೇ ಹೀರುವಿಕೆ. ಮುಂದಿನ ಗಾಜಿಗಿಂತ ಹಿಂದಿನದೇ ಗಲೀಜು, ಗಮನಿಸಿದ್ದೀರಾ?

ಇದಕ್ಕೆ ಪರಿಹಾರ ಹಳೆಯದೇ. ಹಿಂಭಾಗವನ್ನು ಮೀನಿನ ಹಾಗೆ ನಿಧಾನವಾಗಿ ಸಣ್ಣ ಮಾಡುತ್ತಾ ಹೋಗುವುದು. ಆದರೆ ಸರಿಯಾಗಿ ಮಾಡಲು ಹೋದರೆ ಕಾರು ರೈಲುಬೋಗಿಯಷ್ಟು ಉದ್ದ ಆಗಿಬಿಡುತ್ತದೆ. ಸ್ಕಾಲ್ಯೋನೆ ಮಾಡಿದ ಉಪಾಯ ಅಂದರೆ, ಮೇಲಿನಿಂದ ಇಳಿಯುವ ಗಾಳಿಯನ್ನೂ ಪಕ್ಕದಿಂದ ಬರುವ ಗಾಳಿಯನ್ನೂ ಒಳಕ್ಕೆ ಬಾಗಿದ ರೆಕ್ಕೆಗಳಿಂದ ಕೈಹಿಡಿದು ಕರೆತಂದು, ಒಂದಕ್ಕೊಂದು ಜಗಳವಾಡದ ಹಾಗೆ ಸೇರಿಸುವುದು. ರೆಕ್ಕೆಗೆ ಇನ್ನೊಂದು ಕೆಲಸವೂ ಇದೆ. ಬಾಣಕ್ಕೆ ಹಿಂದೆ ಗರಿ, ಗಾಳಿಪಟಕ್ಕೆ ಬಾಲಂಗೋಚಿ ಯಾಕೆ ಇರುತ್ತದೆ? ನೇರ ಹೋಗಲಿ ಅಂತ. ವೇಗದಲ್ಲಿ ಅಡ್ಡಗಾಳಿ ಹೊಡೆದರೆ ಕಾರು ಮೂತಿ ತಿರುಗಿಸದ ಹಾಗೆ ಹಿಂದಿನ ರೆಕ್ಕೆ ಹಿಡಿದುಕೊಳ್ಳುತ್ತದೆ.

ಇಷ್ಟು ಓದಿಯೂ ‘ಆದರೂ ಸ್ವಲ್ಪ ಶೋಕಿ ಇದೆ’ ಅನ್ನುವವರಿಗೆ: ಇದೆ. ಪ್ರದರ್ಶನಕ್ಕೆ ಮಾಡಿದ ಕಾರು, ಜನ ನಿಂತು ನೋಡದಿದ್ದರೆ ಬೆರ್ಟೋನೆ ಯಾಕೆ ದುಡ್ಡು ಹಾಕುತ್ತಿದ್ದರು?

0.19 ಅಂತ ಎಲ್ಲ ಕಡೆ ಬರೆದಿರುತ್ತದೆ. ಏನದು?

ಆಕಾರ ಗಾಳಿಯಲ್ಲಿ ಎಷ್ಟು ಸಲೀಸಾಗಿ ಜಾರುತ್ತದೆ ಅನ್ನುವುದಕ್ಕೆ ಒಂದು ಸಂಖ್ಯೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಅಂಗೈಯನ್ನು ಗಾಳಿಗೆ ಅಡ್ಡ ಹಿಡಿಯಿರಿ, ಆಮೇಲೆ ಮಟ್ಟಸವಾಗಿ ಹಿಡಿಯಿರಿ. ವ್ಯತ್ಯಾಸ ತೋಳಿಗೇ ಗೊತ್ತಾಗುತ್ತದೆ. (‘ಕೈ, ತಲೆ ಹೊರಗೆ ಹಾಕಬಾರದು’ ಅಂತ ಅಲ್ಲೇ ಬರೆದಿರುತ್ತದೆ, ಆದ್ದರಿಂದ ಇದನ್ನು ನಾನು ಹೇಳಿಲ್ಲ.)

ಬ್ಯಾಟ್ 5ಕ್ಕೆ 0.23, ಬ್ಯಾಟ್ 7ಕ್ಕೆ 0.19 ಅಂತ ಲೆಕ್ಕ ಕೊಡುತ್ತಾರೆ. ಇದರಿಂದ ಏನು ಉಳಿತಾಯ ಅಂತ ನಾನೇ ಒಮ್ಮೆ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಕಾರಿನ ಎದುರು ವಿಸ್ತೀರ್ಣ 1.7 ಚದರ ಮೀಟರ್ ಅಂತ ಇಟ್ಟುಕೊಂಡೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ, 0.45ರ ಸಾಧಾರಣ ಆಕಾರದ ಕಾರಿಗೆ ಗಾಳಿಯನ್ನು ತಳ್ಳುವುದಕ್ಕೇ 105 ಅಶ್ವಶಕ್ತಿ ಬೇಕು. 0.23 ಇದ್ದರೆ 54 ಸಾಕು. 0.19 ಇದ್ದರೆ 45ರ ಆಸುಪಾಸು. ಬ್ಯಾಟ್ 5ರ ಎಂಜಿನ್ನಿನಲ್ಲಿ ಇದ್ದದ್ದೇ ಸುಮಾರು 100 ಅಶ್ವಶಕ್ತಿ. ಸಾಧಾರಣ ಬಾಡಿ ಹಾಕಿದ್ದರೆ 200 ಮುಟ್ಟುವುದು ಕನಸು. ಟಯರು, ಗೇರುಗಳಲ್ಲಿ ಹೋಗುವ ಶಕ್ತಿಯನ್ನು ಇಲ್ಲಿ ಹಿಡಿದೇ ಇಲ್ಲ.

ಇನ್ನೊಂದು ಮಾತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದಕ್ಕೆ ಬೇಕಾದ ಶಕ್ತಿ ಎಂಟು ಪಟ್ಟು. ಪೇಟೆಯಲ್ಲಿ 40ರಲ್ಲಿ ಹೋಗುವವನಿಗೆ ಈ ಆಕಾರದಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಹೆದ್ದಾರಿಯಲ್ಲೇ ಇದರ ಆಟ.

ಈಗಿನ ಕಾರುಗಳಿಗೆ ಹೋಲಿಸಿದರೆ?

ಇಲ್ಲಿ ಬಾಯಿ ಬಿಡುತ್ತಾರೆ ಜನ. 1996ರಲ್ಲಿ ಬಂದ ಜನರಲ್ ಮೋಟಾರ್ಸ್‌ನ ಇವಿ1 ಎಂಬ ಎಲೆಕ್ಟ್ರಿಕ್ ಕಾರಿಗೆ 0.19. 2013ರ ಫೋಕ್ಸ್‌ವ್ಯಾಗನ್ ಎಕ್ಸ್‌ಎಲ್1ಗೆ 0.19. 2021ರ ಮರ್ಸಿಡೀಸ್ ಇಕ್ಯೂಎಸ್‌ಗೆ 0.20, ಅದನ್ನು ಕಂಪನಿ ಎಷ್ಟು ಹೆಮ್ಮೆಯಿಂದ ಹೇಳಿಕೊಂಡಿತು ಅಂತ ನೆನಪಿರಬಹುದು. ಆದರೆ ಒಂದು ಎಚ್ಚರ: ಅಳೆಯುವ ವಿಧಾನ ಬೇರೆಯಾದರೆ ಸಂಖ್ಯೆಯೂ ಬೇರೆಯಾಗುತ್ತದೆ. ಮೊದಲೆರಡು ಕಾರು ಇಬ್ಬರೇ ಕೂರುವಂಥವು, ಆದರೆ ಮರ್ಸಿಡೀಸ್‌ನವರು ನಾಲ್ಕೈದು ಜನ ಕೂರುವ, ಡಿಕ್ಕಿ ಇರುವ, ಅಪಘಾತದ ಪರೀಕ್ಷೆ ಪಾಸಾದ ಕಾರಿನಲ್ಲಿ ಇದನ್ನು ಸಾಧಿಸಿದ್ದಾರೆ. ಬ್ಯಾಟ್‌ಗೆ ಅಂಥ ಯಾವ ಕಟ್ಟುಪಾಡೂ ಇರಲಿಲ್ಲ. ಕಂಪ್ಯೂಟರೂ ಇರಲಿಲ್ಲ, ಅದನ್ನೂ ಹೇಳಬೇಕಲ್ವಾ.

ಮೂರಕ್ಕೂ ಏನು ವ್ಯತ್ಯಾಸ? ನನಗೆ ಎಲ್ಲ ಒಂದೇ ಥರ ಕಾಣುತ್ತವೆ.

ಹಿಂದಿನಿಂದ ನೋಡಿ, ಗೊಂದಲ ಆಗುವುದಿಲ್ಲ.

ಬ್ಯಾಟ್ 5 ಮೊದಲ ಪ್ರಯೋಗ. ಮಡ್‌ಗಾರ್ಡುಗಳು ಮುಂದಕ್ಕೆ ಚಾಚಿಕೊಂಡಿವೆ, ಅವುಗಳ ನಡುವೆ ಮೂಗು. ಚಕ್ರಗಳನ್ನು ಅರ್ಧ ಮುಚ್ಚಿದ್ದಾರೆ, ಯಾಕೆಂದರೆ ತಿರುಗುವ ಚಕ್ರ ಸುತ್ತಲಿನ ಗಾಳಿಯನ್ನು ಕಡೆಯುತ್ತದೆ. ಪಕ್ಕದ ಗಾಜು ಓರೆಯಾಗಿ ಒಳಕ್ಕೆ ವಾಲಿದೆ. ಹಿಂದೆ ರೆಕ್ಕೆ ಇದೆ, ಆದರೆ ಸಭ್ಯವಾಗಿದೆ. ತೂಕ ಸುಮಾರು 1,100 ಕಿಲೊ.

ಬ್ಯಾಟ್ 7ರಲ್ಲಿ ಸಭ್ಯತೆ ಬಿಟ್ಟುಬಿಟ್ಟಿದ್ದಾರೆ. ಮೂಗು ಐದು ಸೆಂಟಿಮೀಟರಿಗಿಂತ ಜಾಸ್ತಿ ಕೆಳಗಿಳಿದಿದೆ. ಮುಂದಿನ ಚಾಚು ಇನ್ನೂ ಉದ್ದ. ರೆಕ್ಕೆ ದೊಡ್ಡದು, ಬಾಗು ಜಾಸ್ತಿ. ಹೆಡ್‌ಲೈಟುಗಳನ್ನು ಮೂಗಿನ ಪಕ್ಕದಲ್ಲಿ ಬಚ್ಚಿಟ್ಟಿದ್ದಾರೆ, ಬೇಕಾದಾಗ ಮಾತ್ರ ಕೆಳಕ್ಕೆ ತಿರುಗಿ ಹೊರಗೆ ಬರುತ್ತವೆ. ಮೂರರಲ್ಲಿ ಎಲ್ಲರ ಕಣ್ಣು ಬೀಳುವುದು ಇದರ ಮೇಲೆ. ನನ್ನ ಮೇಜಿನ ಮೇಲಿರುವುದೂ ಇದೇ.

ಬ್ಯಾಟ್ 9 ಮದುವೆಯಾಗಿ ಸಂಸಾರಕ್ಕೆ ಬಿದ್ದ ಬ್ಯಾಟ್. ರೆಕ್ಕೆ ಚಿಕ್ಕದಾಯಿತು, ಹಿಂದಿನ ಚಕ್ರದ ಮುಚ್ಚಳ ಹೋಯಿತು, ಮುಂದೆ ಆಲ್ಫಾದ್ದೇ ಜುಲಿಯೆತ್ತಾ ಎಂಬ ಕಾರಿನ ಗ್ರಿಲ್ ಬಂತು. ರಸ್ತೆಯ ಕಾರಿಗೆ ಹತ್ತಿರ ತರಬೇಕು ಅನ್ನುವುದು ಉದ್ದೇಶ. ‘ಇದೇ ಎಲ್ಲಕ್ಕಿಂತ ಚೆಂದ’ ಅನ್ನುವವರಿದ್ದಾರೆ. ನಾನು ಅವರ ಜತೆ ವಾದ ಮಾಡುವುದಿಲ್ಲ, ಆದರೆ ಒಪ್ಪುವುದೂ ಇಲ್ಲ.

ಎಂಜಿನ್ ಯಾವುದು? ಇಂಥ ಕಾರಿಗೆ ದೊಡ್ಡದೇ ಇರಬೇಕು.

ನಾಲ್ಕೇ ಸಿಲಿಂಡರು. ಎರಡು ಲೀಟರಿಗಿಂತಲೂ ಕಡಿಮೆ. 1950ರಲ್ಲಿ ಬಂದ ಆಲ್ಫಾ 1900 ಅಸಲಿಗೆ ಒಂದು ಮನೆಮಂದಿಯ ಸೆಡಾನ್. ಯುದ್ಧಕ್ಕೆ ಮುಂಚೆ ಶ್ರೀಮಂತರಿಗೆ ಕೈಯಿಂದ ಕಾರು ಕಟ್ಟುತ್ತಿದ್ದ ಕಂಪನಿ, ಮೊದಲ ಸಲ ಸಾಲಾಗಿ ತಯಾರಿಸಿ ಮಾರಿದ ಕಾರು ಅದು. ಅದರದ್ದೇ ಸ್ಪೋರ್ಟ್ಸ್ ಆವೃತ್ತಿಯ ಗಿಡ್ಡ ಷಾಸಿ ಬ್ಯಾಟ್‌ಗೆ ಬಂತು. ಎಂಜಿನ್ ಒಳ್ಳೆಯದೇ, ಮೇಲೆ ಎರಡು ಕ್ಯಾಮ್‌ಶಾಫ್ಟ್, ಅಂದರೆ ಎಂಜಿನ್ನಿನ ವಾಲ್ವುಗಳನ್ನು ತೆರೆಸುವ ದಂಡಗಳು. ಆದರೆ ದೈತ್ಯ ಅಲ್ಲ.

ನನಗೆ ಈ ಕಾರಿನ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ. ಅಮೆರಿಕದವರಿಗೆ ಪೆಟ್ರೋಲ್ ಅಗ್ಗ, ರಸ್ತೆ ಅಗಲ. ವೇಗ ಬೇಕಾ, ದೊಡ್ಡ ವಿ8 ಎಂಜಿನ್ ಹಾಕು. ಯುದ್ಧದಲ್ಲಿ ಸೋತು ಸೊರಗಿದ ಇಟಲಿಯಲ್ಲಿ ಪೆಟ್ರೋಲ್ ದುಬಾರಿ, ತೆರಿಗೆಯ ಭಾರ ಬೇರೆ. ಇದ್ದ ಎಂಜಿನ್ನಿನಲ್ಲೇ ವೇಗ ತೆಗೆಯಬೇಕು. ಹಾಗಾದರೆ ಉಳಿದದ್ದು ಆಕಾರ ಒಂದೇ.

ನಿಜವಾಗಿ ಓಡುತ್ತಿದ್ದವಾ, ಬರೀ ಬೊಂಬೆಗಳಾ?

ಓಡುತ್ತಿದ್ದವು, ಓಡುತ್ತವೆ. ಈಗಿನ ಎಷ್ಟೋ ಪ್ರದರ್ಶನದ ಕಾರುಗಳನ್ನು ವೇದಿಕೆಗೆ ತಳ್ಳಿಕೊಂಡೇ ತರಬೇಕು, ಒಳಗೆ ಏನೂ ಇರುವುದಿಲ್ಲ. ಬ್ಯಾಟ್ ಹಾಗಲ್ಲ. 1954ರಲ್ಲಂತೂ ಒಂದು ತಮಾಷೆ ನಡೆಯಿತು. ಪ್ರದರ್ಶನದ ದಿನ ಬಂದರೂ ಬ್ಯಾಟ್ 7ರ ಕೆಲಸ ಮುಗಿದಿರಲಿಲ್ಲ. ಕೊನೇ ಗಳಿಗೆಯಲ್ಲಿ ಮುಗಿದಾಗ ನುಚ್ಚೊ ಬೆರ್ಟೋನೆ ಮತ್ತು ಸ್ಕಾಲ್ಯೋನೆ ಇಬ್ಬರೂ ಅದರಲ್ಲೇ ಕೂತು ಪ್ರದರ್ಶನಕ್ಕೆ ಓಡಿಸಿಕೊಂಡು ಹೋದರು. ಟುರಿನ್ ಬೀದಿಯಲ್ಲಿ ಫಿಯೆಟ್‌ಗಳು, ಸೈಕಲ್ಲುಗಳು, ಟ್ರಾಮ್, ನಡುವೆ ಇದು! ನೋಡಿದವರು ಏನಂದುಕೊಂಡರೋ.

ಬಾಡಿ ಹೇಗೆ ಕಟ್ಟಿದರು? ಅಚ್ಚು ಹಾಕಿದ್ದಾ?

ಒಂದೇ ಕಾರಿಗೆ ಅಚ್ಚು ಯಾರು ಮಾಡುತ್ತಾರೆ. ಸುತ್ತಿಗೆಯಿಂದ ಬಡಿದಿದ್ದು. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಅಂತೀವಲ್ಲ, ಅದೇ ವಿದ್ಯೆ, ಆದರೆ ನೆಗ್ಗಿದ್ದನ್ನು ಸರಿಮಾಡುವುದಲ್ಲ, ಇಲ್ಲದ್ದನ್ನು ಹುಟ್ಟಿಸುವುದು. ಇಂಥ ಕೆಲಸಗಾರರಿಗೆ ಅಲ್ಲಿ ‘ಬತ್ತಿಲಾಸ್ತ್ರಾ’ ಅಂತಾರೆ, ತಗಡು ಬಡಿಯುವವನು ಅಂತಲೇ ಅರ್ಥ. ಸಾಮಾನ್ಯವಾಗಿ ಮರದ ಚೌಕಟ್ಟು ಮಾಡಿಕೊಂಡು, ತಗಡನ್ನು ತುಂಡು ತುಂಡಾಗಿ ಬಡಿದು, ಅದರ ಮೇಲೆ ಕೂರಿಸಿ ನೋಡಿ, ಮತ್ತೆ ಬಡಿದು, ಕೊನೆಗೆ ಬೆಸುಗೆ ಹಾಕಿ ಉಜ್ಜುತ್ತಿದ್ದರು. ಬಲಗಡೆಯ ರೆಕ್ಕೆಯ ಬಾಗು ಎಡಗಡೆಯದರಂತೆಯೇ ಬರಬೇಕು. ಆ ಕಷ್ಟ ನನಗೆ ಗೊತ್ತು. ನನ್ನ ಮಾದರಿ ಪಾರ್ಸೆಲ್‌ನಲ್ಲಿ ಬರುವಾಗಲೇ ಒಂದು ರೆಕ್ಕೆ ಮುರಿದುಕೊಂಡು ಬಂತು. ಕಳಿಸಿದವರು ಫೋನ್ ಎತ್ತಲಿಲ್ಲ. ಫೆವಿಕ್ವಿಕ್ ಹಾಕಿ ನಾನೇ ಅಂಟಿಸಿದೆ. ಕೂದಲೆಳೆಯಷ್ಟು ಹೊರಕ್ಕೆ ವಾಲಿತು. ಇವತ್ತಿಗೂ ಹಿಂದಿನಿಂದ ನೋಡಿದರೆ ಮೊದಲು ಕಾಣುವುದು ಅದೇ.

ಓಡಿಸಲು ಹಿತವಾಗಿತ್ತಾ?

ನಾನಂತೂ ಓಡಿಸಿಲ್ಲ! ಆದರೆ ಕೂತು ನೋಡಬೇಕಾಗಿಲ್ಲ: ಎರಡೇ ಸೀಟು, ಹಿಂದೆ ನೋಡಲು ಸೀಳಿದ ಗಾಜು, ಎರಡೂ ಪಕ್ಕ ರೆಕ್ಕೆಯ ಅಡ್ಡ. ರಿವರ್ಸ್ ತೆಗೆಯಲು ಕೆಳಗೆ ಒಬ್ಬ ನಿಂತು ‘ಬರ್ಲಿ ಬರ್ಲಿ, ಲೆಫ್ಟ್ ಕಟ್’ ಅನ್ನಲೇಬೇಕು.

ಮತ್ತೆ ಯಾಕೆ ಮಾರಾಟಕ್ಕೆ ತರಲಿಲ್ಲ?

ಮಾರಲು ಮಾಡಿದ್ದೇ ಅಲ್ಲ. ಇಂಥ ಕಾರು ಒಂದು ಥರದ ಅರ್ಜಿ ಇದ್ದ ಹಾಗೆ. ‘ನಮ್ಮ ಹತ್ತಿರ ಇಂಥ ಕೈ ಇದೆ, ಕೆಲಸ ಕೊಡಿ’ ಅಂತ ಕಾರ್ಖಾನೆಗಳಿಗೆ ಹೇಳುವುದು. ಅರ್ಜಿ ಕೆಲಸ ಮಾಡಿತು. ಬ್ಯಾಟ್ 7 ಬಂದ 1954ರ ಅದೇ ಪ್ರದರ್ಶನದಲ್ಲಿ ಆಲ್ಫಾದ ಜುಲಿಯೆತ್ತಾ ಸ್ಪ್ರಿಂಟ್ ಕೂಡ ಬಂತು. ಬಾಡಿ ಬೆರ್ಟೋನೆಯದೇ. ಕೆಲವು ನೂರು ಮಾಡಿದರೆ ಸಾಕು ಅಂತ ಶುರುವಾದದ್ದು ಸಾವಿರಾರು ಆಗಿ, ಬಾಡಿ ಕಟ್ಟುವ ಅಂಗಡಿಯನ್ನು ದೊಡ್ಡ ಕಾರ್ಖಾನೆಯನ್ನಾಗಿ ಮಾಡಿತು. ಬ್ಯಾಟ್‌ನ ನೇರ ಮಕ್ಕಳನ್ನು ನೋಡಬೇಕು ಅಂದರೆ ಜುಲಿಯೆತ್ತಾ ಸ್ಪ್ರಿಂಟ್ ಸ್ಪೆಚಾಲೆ ನೋಡಿ. 1957ರಲ್ಲಿ ತೋರಿಸಿದರು, 1959ರಿಂದ ಮಾರಿದರು. ರೆಕ್ಕೆಗಳೇ ಇಲ್ಲ, ಆದರೆ ಹಿಂಭಾಗ ಇಳಿಯುವ ರೀತಿ ನೋಡಿದರೆ ಅಪ್ಪ ಯಾರು ಅಂತ ಗೊತ್ತಾಗುತ್ತದೆ.

ಇದೇನಾ ‘ಹಾರುವ ತಟ್ಟೆ’ ಅನ್ನುವ ಆಲ್ಫಾ?

ಅಲ್ಲ. ಅದು ‘ಡಿಸ್ಕೊ ವೊಲಾಂತೆ’, 1952ರದ್ದು, ಬಾಡಿ ಮಿಲಾನ್‌ನ ಟೂರಿಂಗ್ ಅವರದು. ಅದೂ ಗಾಳಿಗಾಗಿಯೇ ಮಾಡಿದ ಆಕಾರ. ಎರಡನ್ನೂ ಬೆರೆಸಬೇಡಿ.

ಬ್ಯಾಟ್‌ಮನ್‌ನ ಕಾರು ಇದರಿಂದ ಬಂತಂತೆ?

ಇಲ್ಲ, ಆದರೆ ನಿಜವಾದ ಕತೆ ಇದಕ್ಕಿಂತ ಮಜವಾಗಿದೆ. 1966ರ ಟಿವಿ ಧಾರಾವಾಹಿಯ ಬ್ಯಾಟ್‌ಮೊಬೈಲ್ ಮಾಡಿದ್ದು ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರಿನಿಂದ. ಆ ಫ್ಯೂಚುರಾ ಅಮೆರಿಕದ ಫೋರ್ಡ್ ಕಂಪನಿಯದು, ಆದರೆ ಬಾಡಿ ಕಟ್ಟಿದ್ದು ಟುರಿನ್‌ನ ಗಿಯಾ ಎಂಬ ಇನ್ನೊಂದು ಕರೊತ್ಸೆರಿಯಾ. ಕಾರು ಹೊರಬಂದದ್ದು 1955ರಲ್ಲಿ. ಅಂದರೆ ಬ್ಯಾಟ್ 9 ಹುಟ್ಟಿದ ವರ್ಷ, ಹುಟ್ಟಿದ ಊರು. ಒಂದೇ ಊರಿನ ಎರಡು ಬೀದಿಯಲ್ಲಿ ಎರಡು ‘ಬ್ಯಾಟ್’ ಕಾರು, ಒಂದಕ್ಕೆ ಹೆಸರಿಂದ ಬಂದ ಬಾವಲಿ, ಇನ್ನೊಂದಕ್ಕೆ ಹನ್ನೊಂದು ವರ್ಷ ಆದಮೇಲೆ ಅಂಟಿದ ಬಾವಲಿ.

ಅಮೆರಿಕಕ್ಕೆ ಹೇಗೆ ಹೋದವು?

ಸ್ಟ್ಯಾನ್ಲಿ ಆರ್ನಾಲ್ಟ್ ಅಂತ ಷಿಕಾಗೋದ ಒಬ್ಬ ಉದ್ಯಮಿ. ಅವರನ್ನು ‘ವ್ಯಾಕಿ’, ಅಂದರೆ ತಿಕ್ಕಲು, ಅಂತಲೇ ಎಲ್ಲರೂ ಕರೆಯುತ್ತಿದ್ದರು. 1952ರಲ್ಲಿ ಟುರಿನ್ ಪ್ರದರ್ಶನಕ್ಕೆ ಬಂದವರು ಬೆರ್ಟೋನೆ ಬಾಡಿ ಹಾಕಿದ್ದ ಎರಡು ಎಂಜಿ ಕಾರು ನೋಡಿ, ಎರಡರಲ್ಲೂ ನೂರು ನೂರು ಮಾಡಿಕೊಡಿ ಅಂದರಂತೆ. ಕೈಯಲ್ಲಿ ಕೆಲಸವಿಲ್ಲದೆ ಒದ್ದಾಡುತ್ತಿದ್ದ ಬೆರ್ಟೋನೆಗೆ ಹೋಗುತ್ತಿದ್ದ ಜೀವ ಬಂದ ಹಾಗಾಯಿತು. ಬ್ಯಾಟ್ 5 ಕೊಂಡವರೂ ಆರ್ನಾಲ್ಟ್ ಅವರೇ. ಉಳಿದೆರಡೂ ಒಂದೊಂದಾಗಿ ಅಮೆರಿಕ ಸೇರಿದವು. ಬ್ಯಾಟ್ 9 ಅನ್ನಂತೂ ಮಿಚಿಗನ್‌ನಲ್ಲಿ ಹದಿಹರೆಯದ ಹುಡುಗನೊಬ್ಬ ಕೂಡಿಟ್ಟ ದುಡ್ಡು ಕೊಟ್ಟು ತೆಗೆದುಕೊಂಡ. ಹಳೇ ವಿಚಿತ್ರ ಕಾರು ಅಂದರೆ ಆಗ ಅಷ್ಟೇ ಬೆಲೆ.

ಮೂರೂ ಒಟ್ಟಿಗೆ ನಿಂತದ್ದು 1989ರಲ್ಲಿ, ಕ್ಯಾಲಿಫೋರ್ನಿಯಾದ ಪೆಬ್ಬಲ್ ಬೀಚ್‌ನ ಹಳೇ ಕಾರುಗಳ ಮೇಳದಲ್ಲಿ. ಆಮೇಲೆ ಅಲ್ಲೇ ಡ್ಯಾನ್‌ವಿಲ್ ಊರಿನ ಬ್ಲ್ಯಾಕ್‌ಹಾಕ್ ಸಂಗ್ರಹಾಲಯದಲ್ಲಿ ಬಹಳ ವರ್ಷ ಇದ್ದವು.

ಈಗ ಬೆಲೆ ಎಷ್ಟು?

2020ರ ಅಕ್ಟೋಬರ್‌ನಲ್ಲಿ ಮೂರನ್ನೂ ಒಟ್ಟಿಗೆ ಹರಾಜು ಹಾಕಿದರು. ಬಿಡಿಬಿಡಿಯಾಗಿ ಕೊಡುವುದಿಲ್ಲ ಅಂತ. ಅದೂ ಕಾರಿನ ಹರಾಜಿನಲ್ಲಲ್ಲ, ನ್ಯೂಯಾರ್ಕ್‌ನ ಸೋದೆಬೀಸ್‌ನಲ್ಲಿ ಆಧುನಿಕ ಕಲಾಕೃತಿಗಳ ಜತೆ. ಹೋದ ಬೆಲೆ 1 ಕೋಟಿ 48 ಲಕ್ಷ 40 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 110 ಕೋಟಿ ರೂಪಾಯಿ. ಚಿತ್ರಕಲೆಯ ಸಾಲಿನಲ್ಲಿ ಕಾರು ನಿಲ್ಲಿಸಿದ್ದು ಸರಿಯಾ ಅಂತ ಚರ್ಚೆಯಾಯಿತು. ಸುತ್ತಿಗೆ ಹಿಡಿದು ಬಡಿದ ಕೈಗಳ ಹೆಸರು ಮಾತ್ರ ಫಲಕದ ಮೇಲೆ ಎಲ್ಲೂ ಬರುವುದಿಲ್ಲ, ನನ್ನ ತಕರಾರು ಅದೊಂದೇ.

ಬ್ಯಾಟ್ 11 ಅಂತ ಒಂದು ಇದೆಯಲ್ಲ?

ಇದೆ. 2008ರಲ್ಲಿ ಬೆರ್ಟೋನೆ ಹೆಸರಿನಲ್ಲೇ ಬಂತು, ಆಲ್ಫಾ 8ಸಿ ಕಾರಿನ ಮೇಲೆ. ಸ್ಕಾಲ್ಯೋನೆ ತೀರಿಕೊಂಡು ಹದಿನೈದು ವರ್ಷ ಆಗಿತ್ತು. ಕಂಪನಿಯೂ ಸಾಲದಲ್ಲಿತ್ತು, 2014ರಲ್ಲಿ ದಿವಾಳಿಯಾಯಿತು. ಬ್ಯಾಟ್ 11 ಕಾಣಲು ಚೆನ್ನಾಗಿದೆ. ಅಷ್ಟೇ ಹೇಳಬಲ್ಲೆ.

ಸ್ಕಾಲ್ಯೋನೆ ಆಮೇಲೆ ಏನು ಮಾಡಿದರು?

1959ರಲ್ಲಿ ಬೆರ್ಟೋನೆ ಬಿಟ್ಟರು. ಲ್ಯಾಂಬೊರ್ಗಿನಿಯ ಮೊಟ್ಟಮೊದಲ ಕಾರು 350 ಜಿಟಿವಿ, 1963ರದ್ದು, ಅವರದೇ ಗೆರೆ. 1967ರ ಆಲ್ಫಾ 33 ಸ್ಟ್ರಾದಾಲೆಯೂ ಅವರದೇ. ಅದನ್ನು ಪ್ರಪಂಚದ ಅತಿ ಚೆಂದದ ಕಾರು ಅನ್ನುವವರು ಬಹಳ ಜನ, ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಹೆಸರು ಮಾಡಿದವರು ಆಮೇಲೆ ಬಂದವರು. ಇವರು ಕೆಲಸದಿಂದ ದೂರ ಸರಿದು ತಸ್ಕನಿಯ ಸುವೆರೆತೊ ಎಂಬ ಸಣ್ಣ ಊರಿನಲ್ಲಿ ಉಳಿದರು, 1993ರಲ್ಲಿ ಅಲ್ಲೇ ತೀರಿಕೊಂಡರು.

ಯೋಲ್ ಶಿಬಿರ ಬಿಟ್ಟರೆ ನಮ್ಮ ಕಡೆಗೆ ಬೇರೆ ನಂಟಿದೆಯಾ?

ನೇರವಾಗಿ ಇಲ್ಲ. ದೂರದ ನೆಂಟಸ್ತಿಕೆ ಇದೆ. ಯುದ್ಧದ ಕಾಲದಲ್ಲಿ ಬೆಂಗಳೂರಿನ ಜಾಲಹಳ್ಳಿ ಕಡೆಯೂ ಇಟಲಿಯ ಕೈದಿಗಳ ಶಿಬಿರಗಳಿದ್ದವು, ಆದರೆ ಸ್ಕಾಲ್ಯೋನೆ ಇದ್ದದ್ದು ಇಲ್ಲಲ್ಲ, ಕೆಲವರು ಸೇರಿಸಿ ಹೇಳುತ್ತಾರೆ. ಅವರು ಬಿಟ್ಟ ಜಾಗಕ್ಕೆ ಬೆರ್ಟೋನೆ ತಂದದ್ದು ಇಪ್ಪತ್ತೊಂದರ ಒಬ್ಬ ಹುಡುಗನನ್ನು, ಜೊರ್ಜೆತ್ತೊ ಜುಜಾರೊ. 1998ರಿಂದ ನಮ್ಮ ರಸ್ತೆಗಳಲ್ಲಿ ಓಡಾಡಿದ ಡೇವೂ ಮ್ಯಾಟಿಜ್‌ನ ಆಕಾರ ಬಂದದ್ದು ಈ ಜುಜಾರೊ ಅವರ ಸಂಸ್ಥೆಯಿಂದ. ಮತ್ತೆ ಪ್ರೀಮಿಯರ್ ಪದ್ಮಿನಿ ಎಲ್ಲಾದರೂ ನಿಂತಿದ್ದರೆ ಹಿಂದೆ ಹೋಗಿ ನೋಡಿ. ಡಿಕ್ಕಿಯ ಎರಡೂ ಪಕ್ಕ ಪುಟ್ಟ ಏಣು ಎದ್ದಿದೆ. ಅದೂ ಟುರಿನ್‌ನ ಫಿಯೆಟ್‌ನದೇ, ಅದೂ ರೆಕ್ಕೆಯೇ, ಆದರೆ ಗಾಳಿಗೆ ಅದರಿಂದ ಏನೂ ಆಗುವುದಿಲ್ಲ.

ಎಲ್ಲಿ ನೋಡಬಹುದು?

ಮೂರೂ ಖಾಸಗಿಯವರ ಕೈಯಲ್ಲಿವೆ, ಆಗೊಮ್ಮೆ ಈಗೊಮ್ಮೆ ಮೇಳಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇಟಲಿಗೆ ಹೋಗುವವರಿದ್ದರೆ ಮಿಲಾನ್ ಹತ್ತಿರ ಅರೇಸೆಯಲ್ಲಿ ಆಲ್ಫಾದ ಸಂಗ್ರಹಾಲಯ ಇದೆ. ಅಲ್ಲಿ ಬ್ಯಾಟ್ ಇಲ್ಲ, 33 ಸ್ಟ್ರಾದಾಲೆ ಮತ್ತು ಡಿಸ್ಕೊ ವೊಲಾಂತೆ ಇವೆ.

ನಿಮ್ಮ ಹತ್ತಿರ ಇರುವಂಥ ಮಾದರಿ ತೆಗೆದುಕೊಳ್ಳಬೇಕು, ಏನು ನೋಡಬೇಕು?

43ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಸಿಗುತ್ತವೆ. ಅಗ್ಗದವುಗಳಲ್ಲಿ ರೆಕ್ಕೆಯನ್ನು ದಪ್ಪ ಮಾಡಿ, ನೆಟ್ಟಗೆ ನಿಲ್ಲಿಸಿಬಿಟ್ಟಿರುತ್ತಾರೆ, ಆಗ ಅದು ಬ್ಯಾಟ್ ಅಲ್ಲ. ಪಕ್ಕದಿಂದ ತೆಗೆದ ಫೋಟೊ ನಂಬಬೇಡಿ, ಹಿಂದಿನಿಂದ ತೆಗೆದದ್ದು ಕೇಳಿ. ಪಾರ್ಸೆಲ್ ಬಂದಾಗ ತಂದವನ ಎದುರಿಗೇ ಬಿಚ್ಚಿ, ಎರಡೂ ರೆಕ್ಕೆ ಇವೆಯಾ ನೋಡಿಕೊಂಡು ಆಮೇಲೆ ಸಹಿ ಹಾಕಿ.